ಮೂಡಲಿಗೆ ಮುಖ ಮಾಡಿ ನಿಂತ ಕಾರು

೧೯೯೨ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿತ್ತು, ಫೇಲಾಗಿ ಬಿಟ್ಟವನಲ್ಲ. ನಮ್ಮ ಹಳ್ಳಿ ಯಗಟಿಯಿಂದ ಕಡೂರಿಗೆ ಬಂದು ವೆಲ್ಡಿಂಗ್ ಶೆಡ್ಡು ಸೇರಿದೆ, ಆಮೇಲೆ ನನ್ನದೇ ಶೆಡ್ಡು ಹಾಕಿದೆ. ಇವತ್ತು ಕಡೂರಿನ ಯಾವ ಬೀದಿಗೆ ಹೋದರೂ ನಾನು ಮಾಡಿದ ಗೇಟು ಒಂದಾದರೂ ಸಿಗುತ್ತದೆ. ಪ್ರವಾಸ ಅಂದರೆ ಕಾಶಿಗೋ ಶ್ರೀಶೈಲಕ್ಕೋ ಹೋಗಿ ಬಂದವರು ಬರೆಯುವುದು, ಕಡೂರು, ಅಜ್ಜಂಪುರ, ತರೀಕೆರೆ ಸುತ್ತಿದವನು ಏನು ಬರೆಯುತ್ತಾನೆ ಅಂತ ನಗುವವರು ನಗಲಿ. ಕಳೆದ ಜನವರಿಯಲ್ಲಿ ಈ ಮೂರು ಊರಿನ ನಡುವೆ ನಾನು ಒಂದು ಕಾರು ತೆಗೆದುಕೊಂಡು ತಿರುಗಿದ್ದು ಯಾಕೆ ಅಂತ ಊರಿನವರು ಬಾಯಿಗೊಂದು ಮಾತಾಡಿದ್ದಾರೆ. ಆದದ್ದು ಇಷ್ಟು.

ಅಜ್ಜಂಪುರದಲ್ಲಿ ನನ್ನ ತಂಗಿ ನಿರ್ಮಲ ಇದ್ದಾಳೆ. ಅವಳ ಗಂಡ ಮಂಜುನಾಥ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಡಿಸೆಂಬರ್‌ನ ಒಂದು ಬೆಳಗ್ಗೆ ಏಳುತ್ತಲೇ ಅವನಿಗೆ ಲಕ್ವ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಮಾತು ನಿಂತಿತು, ಬಲಗಡೆ ಪೂರ್ತಿ ಬಿದ್ದುಹೋಯಿತು. ಅಂಗಳದಲ್ಲಿ ಅವರದೇ ಕಾರು ನಿಂತಿತ್ತು, ಎರಡು ವರ್ಷದ ಹಿಂದೆ ತಗೊಂಡ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ನಿರ್ಮಲಳಿಗೆ ಓಡಿಸಲು ಬರುತ್ತದೆ, ಲೈಸೆನ್ಸೂ ಇದೆ, ಮಂಜುನಾಥನೇ ಊರಾಚೆ ದನ ಮೇಯುವ ಕಾವಲಿನ ಬಯಲಲ್ಲಿ ಕಲಿಸಿದ್ದು. ಅವಳು ಕೀ ತಿರುಗಿಸಿದಳು. ಇಂಜಿನ್ನು ತಿರುಗಿತು, ಹಿಡಿಯಲಿಲ್ಲ. ತಿರುಗಿಸಿ ತಿರುಗಿಸಿ ಬ್ಯಾಟರಿಯೂ ಇಳಿದುಹೋಯಿತು. ಕೊನೆಗೆ ಪಕ್ಕದ ಬೀದಿಯಿಂದ ಗೂಡ್ಸ್ ಆಟೋ ತಂದು ಮಲಗಿಸಿಕೊಂಡು ಹೊರಟರೆ, ತರೀಕೆರೆ ಮುಟ್ಟುವ ಮೊದಲೇ ಮುಗಿದುಹೋಗಿತ್ತು.

ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲೇ ಮಾತು ಶುರುವಾಯಿತು. ಮಂಜುನಾಥನ ಅಣ್ಣ ಶೇಖರಪ್ಪನವರು ನಾಲ್ಕು ಜನರ ಮುಂದೆ ಅಂದರು, "ಗಾಡಿ ಹಿಂದಿನ ದಿನ ಶಿವನಿ ಊರಿಗೆ ಹೋಗಿ ಬಂದಿತ್ತು ಕಣ್ರೀ, ಚೆನ್ನಾಗೇ ಇತ್ತು. ಡೀಸೆಲ್ ಗಾಡೀಲಿ ಇಂಜಿನ್ ಕಾದು ಹೀಟರ್ ಲೈಟ್ ಆರೋ ತನಕ ಕಾಯ್ಬೇಕು ಅನ್ನೋದು ಈಯಮ್ಮಂಗೆ ಗೊತ್ತಾಗ್ಲಿಲ್ಲ. ಗಾಬರೀಲಿ ಕೀ ತಿರುಗ್ಸಿ ಬ್ಯಾಟ್ರಿ ತಿಂದಾಕ್ಬಿಟ್ಳು." ನಿರ್ಮಲ ಬಡಿಸುತ್ತಿದ್ದಳು. ಪಾತ್ರೆ ಕೆಳಗಿಟ್ಟು ಒಳಗೆ ಹೋದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು, "ಅಣ್ಣ, ನಾನು ಕಾದಿದ್ದೆ. ಲೈಟ್ ಆರಿತ್ತು ಅಂತ ನಂಗೆ ಗ್ಯಾಪಕ ಐತೆ. ಆದ್ರೆ ಎಲ್ರೂ ಹೇಳ್ತಿದ್ದಾರಲ್ಲ, ನಂದೇ ತಪ್ಪಿರ್ಬೋದಾ?"

ಕಬ್ಬಿಣ ನನಗೆ ಗೊತ್ತು, ಇಂಜಿನ್ನು ಗೊತ್ತಿಲ್ಲ. ಆದರೆ ಗೊತ್ತಿರುವವರು ಇದ್ದಾರೆ. ಗಾಡಿಯಲ್ಲಿ ಏನಿದೆ ಅಂತ ಕಂಡುಹಿಡಿದು ಅವಳಿಗೆ ಹೇಳುತ್ತೇನೆ ಅಂತ ಮಾತು ಕೊಟ್ಟೆ. ಶೆಡ್ಡಿನಲ್ಲಿ ಒಪ್ಪಿಕೊಂಡಿದ್ದ ಕೆಲಸ ಮುಗಿಸಿ, ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಬೆಳಗಿನ ಬಸ್ಸು ಹತ್ತಿದೆ.

ಕಡೂರಿನಿಂದ ಅಜ್ಜಂಪುರಕ್ಕೆ ಬೀರೂರಿನ ಮೇಲೆ ಮೂವತ್ತು ಕಿಲೋಮೀಟರಿನ ಆಚೀಚೆ. ಚಾರ್ಜು ಐವತ್ತರ ಒಳಗೆ. ಹೆಂಗಸರಿಗೆ ಟಿಕೆಟ್ಟಿಲ್ಲದ್ದರಿಂದ ಸೀಟಿನಲ್ಲೆಲ್ಲ ಅವರೇ, ನಾನು ಬಾಗಿಲ ಕಂಬ ಹಿಡಿದು ನಿಂತೇ ಹೋದೆ. ಬೀರೂರು ದಾಟಿದ ಮೇಲೆ ತೆಂಗಿನ ತೋಟ ತೆಳುವಾಗುತ್ತ ಬಂದು ಕಪ್ಪು ನೆಲ ಶುರುವಾಗುತ್ತದೆ. ಈರುಳ್ಳಿ ಕಿತ್ತ ಹೊಲಗಳಲ್ಲಿ ಒಣ ಸಿಪ್ಪೆ ಗಾಳಿಗೆ ಹಾರಿ ರಸ್ತೆಗೆ ಬರುತ್ತಿತ್ತು. ಚಳಿ ಬಿಟ್ಟಿರಲಿಲ್ಲ. ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದು ತಂಗಿಯ ಮನೆಗೆ ನಡೆದೆ.

ಕಾರು ಅಂಗಳದಲ್ಲಿ ಮನೆಗೆ ಮುಖ ಮಾಡಿ, ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ಅವತ್ತಿನಿಂದ ಯಾರೂ ಮುಟ್ಟಿರಲಿಲ್ಲ. ಕೀ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ನಾಲ್ಕು ಜನ ಸೇರಿ ಹಿಂದಕ್ಕೆ ತಳ್ಳಿ ರಸ್ತೆಗೆ ಇಳಿಸಿದೆವು. ಈರುಳ್ಳಿ ಮಂಡಿಗೆ ಹೊರಟಿದ್ದ ಒಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದೆವು. ಬಹಳ ದೂರ ಎಳೆಸಿಕೊಂಡು, ಕೆಮ್ಮಿ, ಬಿಳೀ ಹೊಗೆ ಬಿಟ್ಟು, ಕೊನೆಗೆ ಹಿಡಿಯಿತು. ಟ್ರ್ಯಾಕ್ಟರಿನವನು ಹಗ್ಗ ಸುತ್ತಿಕೊಳ್ಳುತ್ತ, "ಸತ್ತ ಎತ್ತನ್ನೂ ಇಷ್ಟು ದೂರ ಎಳ್ದಿರ್ಲಿಲ್ಲ ಕಣಣ್ಣೋ" ಅಂದ. ನಾನು ಆಫ್ ಮಾಡದೆ ಹಾಗೇ ತರೀಕೆರೆಗೆ ಬಿಟ್ಟೆ.

ತರೀಕೆರೆ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಕಾವಲು ದಾಟಿದ ಮೇಲೆ ಎದುರಿಗೆ ಬೆಟ್ಟದ ಸಾಲು ನೀಲಿಯಾಗಿ ಕಾಣಿಸುತ್ತ ಬರುತ್ತದೆ. ಮಂಜುನಾಥನ ಉಸಿರು ನಿಂತದ್ದು ಈ ದಾರಿಯಲ್ಲೇ ಎಲ್ಲೋ. ಎಲ್ಲಿ ಅಂತ ನಾನು ನಿರ್ಮಲಳನ್ನು ಕೇಳಿಲ್ಲ.

ತರೀಕೆರೆಯಲ್ಲಿ ಡೀಸೆಲ್ ಗಾಡಿ ಅಂದರೆ ಎಲ್ಲರೂ ಇಮ್ತಿಯಾಜ್ ಸಾಬರ ಶೆಡ್ಡು ತೋರಿಸುತ್ತಾರೆ. ಐವತ್ತು ದಾಟಿದ ಆಳು, ದೊಡ್ಡ ಗಂಟಲು. ನಾನು ಹೇಳಿದ್ದನ್ನೆಲ್ಲ ಕೇಳಿ, "ಗಾಡಿ ಹೇಳ್ತದೆ ಬಿಡಿ ಸ್ವಾಮಿ, ನೀವ್ಯಾಕೆ ಹೇಳ್ತೀರಾ" ಅಂದರು. ಬ್ಯಾಟರಿ ಚಾರ್ಜಿಗೆ ಹಾಕಿದರು. ಹೀಟರ್ ಪ್ಲಗ್ಗು ಬಿಚ್ಚಿ ಒಂದೊಂದಾಗಿ ಕಾಯಿಸಿ ನೋಡಿದರು, ಎಲ್ಲವೂ ಕೆಂಪಗಾದವು. ಸ್ಟಾರ್ಟರ್ ಮೋಟಾರು ಚೆನ್ನಾಗಿತ್ತು. ಡೀಸೆಲ್ ಫಿಲ್ಟರಿನಲ್ಲಿ ನೀರಿರಲಿಲ್ಲ. "ನಿಂತ ಮೇಲೆ ತಾನೇ ತೊಂದ್ರೆ? ರಾತ್ರಿ ಗಾಡಿ ಇಲ್ಲೇ ನಿಲ್ಲಿ, ಬೆಳಗ್ಗೆ ನೋಡಾಣ" ಅಂದರು. ಶೆಡ್ಡಿನ ಸಿಮೆಂಟು ನೆಲದ ಮೇಲೆ ಗಾಡಿ ಬಿಟ್ಟು, ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ತಿಂದು, ಒಂದು ಲಾಡ್ಜಿನಲ್ಲಿ ಮಲಗಿದೆ. ಸೊಳ್ಳೆ ಬಹಳ.

ಮಂಗಳವಾರ ಬೆಳಗ್ಗೆ ನಾನೇ ಕೀ ತಿರುಗಿಸಿದೆ. ಗಾಡಿ ಒಂದೇ ಏಟಿಗೆ ಸ್ಟಾರ್ಟಾಯಿತು. ನಿಲ್ಲಿಸಿ ಮತ್ತೆ ತಿರುಗಿಸಿದೆ. ಮತ್ತೆ ಒಂದೇ ಏಟಿಗೆ.

"ಇದ್ರಲ್ಲಿ ಏನೂ ಇಲ್ಲ" ಅಂದರು ಸಾಬರು. "ಬೇಜಾರು ಮಾಡ್ಕೋಬೇಡಿ, ಹೆಣ್ಣುಮಗು, ಗಂಡ ಒಳಗೆ ಬಿದ್ದವ್ನೆ. ಲೈಟ್ ಆರೋ ತಂಕ ಯಾರು ಕಾಯ್ತಾರೆ?"

"ನನ್ ತಂಗಿ ಕಾದೆ ಅಂತಾಳೆ."

"ಅಂತಾಳೆ. ನಾನೂ ಅವಳ ಜಾಗದಾಗೆ ಇದ್ರೆ ಹಂಗೇ ಅಂತಿದ್ದೆ."

ನನಗೆ ಸಿಟ್ಟು ಬಂತು. ಕೂಲಿ ಕೊಟ್ಟು, ಚಹಾ ಬೇಡ ಅಂದು ಹೊರಟೆ. ಸಾಬರು ನನ್ನ ಫೋನ್ ನಂಬರು ಬರೆದುಕೊಂಡು, "ಮತ್ತೆ ಹಂಗೇ ಮಾಡಿದ್ರೆ ಆವಾಗ್ಲೇ ಫೋನ್ ಹಾಕಿ. ಸ್ಟಾರ್ಟಾದ ಮೇಲೆ ಹಾಕ್ಬೇಡಿ" ಅಂದರು.

ತರೀಕೆರೆಯಿಂದ ಕಡೂರಿಗೆ ಹೈವೇ, ಮೂವತ್ತು ಕಿಲೋಮೀಟರು. ಗಾಡಿ ಬೆಣ್ಣೆಯ ಹಾಗೆ ಓಡಿತು. ಅಷ್ಟು ಚೆನ್ನಾಗಿ ಓಡಿದ್ದೇ ನನಗೆ ಬೇಡವಾಗಿತ್ತು. ಕಡೂರಿನಲ್ಲಿ ನನ್ನ ಶೆಡ್ಡಿನ ಮುಂದೆ ಜಾಗ ರಸ್ತೆಗೆ ಇಳಿಜಾರು. ಹಿಂದಕ್ಕೆ ಹತ್ತಿಸಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದೆ. ಬ್ಯಾಟರಿ ಅಂಗಡಿಯವನು ಬಂದು ಮೀಟರು ಹಿಡಿದು, ಗಾಡಿ ನಿಂತಾಗ ಕರೆಂಟು ಎಲ್ಲೂ ಸೋರುತ್ತಿಲ್ಲ ಅಂದ. ಬುಧವಾರ ಬೆಳಗ್ಗೆ ಮತ್ತೆ ಒಂದೇ ಏಟಿಗೆ ಸ್ಟಾರ್ಟಾಯಿತು. ನಮ್ಮ ಮನೆಯವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿರ್ಮಲಂಗೆ ಏನಂತ ಹೇಳ್ತೀರಾ?"

"ಬ್ಯಾಟ್ರಿ ವೀಕಾಗಿತ್ತು ಅಂತೀನಿ."

"ಅವ್ಳು ನಂಬ್ತಾಳಾ?"

"ನಂಬ್ಲೇಬೇಕು" ಅಂದೆ. ಆ ಹೊತ್ತಿಗೆ ನಾನೂ ಸಾಬರ ಮಾತನ್ನು ಮುಕ್ಕಾಲು ನಂಬಿಬಿಟ್ಟಿದ್ದೆ.

ಅವತ್ತು ಸಾಯಂಕಾಲ ಮತ್ತೆ ಅಜ್ಜಂಪುರ. ಗೇಟಿನ ಒಳಗೆ ಹಿಂದಕ್ಕೆ ಬಿಡೋಣ ಅಂತ ತಿರುಗಿಸುತ್ತಿದ್ದೆ. ಬೆಳಗ್ಗೆ ಹೊರಡುವವರಿಗೆ ಅದೇ ಅನುಕೂಲ. ಜಗಲಿಯ ಮೇಲಿನಿಂದ ಮಂಜುನಾಥನ ತಾಯಿ ಬಸಮ್ಮನವರು ಕೂಗಿದರು, "ಹಂಗಲ್ಲ ಕಣಪ್ಪಾ, ಮೂಡಲಿಗೆ ಮುಖ ಮಾಡಿ ನಿಲ್ಸು. ನಮ್ಮನೇಲಿ ಗಾಡಿ ಪಡುವಲಿಗೆ ಮುಖ ಹಾಕಿ ರಾತ್ರಿ ಕಳೆಯಲ್ಲ. ಎತ್ತಿನ ಗಾಡಿ ಕಾಲದಿಂದ್ಲೂ ಹಂಗೇ." ಮಗನನ್ನು ಕಳೆದುಕೊಂಡ ಮುದುಕಿ, ಎದುರು ಹೇಳುವುದೇನು? ಮುಂದಕ್ಕೇ ಬಿಟ್ಟು, ಮನೆಯ ಕಡೆಗೆ ಮುಖ ಮಾಡಿ, ಮೊದಲು ಇದ್ದ ಹಾಗೇ ನಿಲ್ಲಿಸಿದೆ.

ನಿರ್ಮಲ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟಳು. ಮುಖ ನೋಡದೆ ಕೇಳಿದಳು, "ಏನಂದ್ರಣ್ಣ?"

"ಬ್ಯಾಟ್ರಿ ವೀಕಾಗಿತ್ತಂತೆ. ನೀನಲ್ಲ, ಯಾರು ತಿರುಗಿಸಿದ್ರೂ ಅಷ್ಟೇ."

"ಬ್ಯಾಟ್ರಿ ಹೊಸದಣ್ಣ. ದೀಪಾವಳಿಗೆ ಹಾಕ್ಸಿದ್ರು." ಇನ್ನೊಂದು ರೊಟ್ಟಿ ಹಾಕಿದಳು. "ಸುಳ್ಳು ಹೇಳೋಕೆ ಅಷ್ಟು ದೂರ ಹೋಗ್ಬೇಕಿತ್ತಾ?"

ನಾನು ಉಣ್ಣದೆ ಎದ್ದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಉಂಡೆ. ಬೇರೆ ಏನು ಮಾಡಬೇಕೋ ಗೊತ್ತಾಗಲಿಲ್ಲ.

ಗುರುವಾರ ಬೆಳಗ್ಗೆ ಮಂಜು ಬಿದ್ದಿತ್ತು. ಕಡೂರಿನ ಬಸ್ಸು ಹಿಡಿಯುವ ಮೊದಲು ಒಂದು ಸಲ ಕೀ ತಿರುಗಿಸಿ ನೋಡೋಣ ಅಂತ ಕೂತೆ. ಹೀಟರ್ ಲೈಟು ಬಂತು, ಆರಿತು. ಕೀ ತಿರುಗಿಸಿದೆ. ಇಂಜಿನ್ನು ಬಲವಾಗಿ ತಿರುಗಿತು, ಹಿಡಿಯಲಿಲ್ಲ. ಬಿಟ್ಟು ಮತ್ತೆ ತಿರುಗಿಸಿದೆ. ಹಿಡಿಯಲಿಲ್ಲ. ಮೂರನೇ ಸಲವೂ ಹಾಗೇ. ನನಗೆ ಸಂತೋಷವಾಯಿತು. ಆ ಅಂಗಳದಲ್ಲಿ ಆ ಗಾಡಿ ಸ್ಟಾರ್ಟಾಗದೆ ಇದ್ದದ್ದಕ್ಕೆ ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. "ನಿರ್ಮಲಾ, ಬಾ ಇಲ್ಲಿ! ನನ್ ಕೈಲೂ ಆಗ್ತಿಲ್ಲ ನೋಡು!" ಅಂತ ಕೂಗಿದೆ. ಅವಳು ಒದ್ದೆ ಕೈಯಲ್ಲೇ ಓಡಿಬಂದು ಕಂಬ ಹಿಡಿದು ನಿಂತಳು. ಆ ಸದ್ದು ಕೇಳಿ ಅವಳ ಮುಖ ಬಿಳುಚಿಕೊಂಡಿತು.

ಸಾಬರಿಗೆ ಫೋನ್ ಹಾಕಿದೆ.

"ಏನಪ್ಪಾ ಗೇಟಿನವ್ರೇ, ಮುಷ್ಕರ ಮಾಡ್ತಾ?"

"ಮಾಡ್ತು. ಬ್ಯಾಟ್ರಿ ಚೆನ್ನಾಗಿ ತಿರುಗಿಸ್ತೈತೆ, ಹಿಡೀತಿಲ್ಲ."

"ಮುಟ್ಬೇಡಿ ಇನ್ನ. ಗಾಡಿ ಹೆಂಗೆ ನಿಂತದೆ? ಮುಖ ಮೇಲಕ್ಕಾ, ಕೆಳಕ್ಕಾ?"

ಸಮತಟ್ಟು ಅನ್ನುವುದಕ್ಕೆ ಬಾಯಿ ತೆಗೆದವನು ಹಿಂದೆ ತಿರುಗಿ ಗೇಟು ನೋಡಿದೆ. ಆ ಗೇಟು ನಾನೇ ಮಾಡಿಕೊಟ್ಟದ್ದು. ಒಳಗೆ ತೆರೆದರೆ ನೆಲಕ್ಕೆ ಉಜ್ಜುತ್ತದೆ ಅಂತ ಅದರ ಕೆಳಗಿನ ಪಟ್ಟಿಯನ್ನು ಓರೆಯಾಗಿ ಕತ್ತರಿಸಿದ್ದೆ. ಆಗ ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದರೆ ಗೇಟಿನಿಂದ ಜಗಲಿಯವರೆಗೆ ನೆಲ ಒಂದು ಮೊಳಕ್ಕೂ ಮೇಲೆ ಏರಿತ್ತು. ಕಣ್ಣಿಗೆ ಕಾಣುವುದಿಲ್ಲ, ಗೇಟು ಬಲ್ಲದು.

"ಮೇಲಕ್ಕೆ" ಅಂದೆ.

"ನನ್ ಶೆಡ್ಡು ಸಪಾಟು. ನಿಮ್ದು?"

"ಇಳಿಜಾರು. ಮುಖ ಕೆಳಕ್ಕೆ ನಿಲ್ಸಿದ್ದೆ."

"ಅರ್ಥ ಆಯ್ತು. ಬತ್ತೀನಿ."

ಬಿಸಿಲು ಏರುವ ಹೊತ್ತಿಗೆ ಸಾಬರು ಬೈಕಿನಲ್ಲಿ ಬಂದರು. ಅಷ್ಟರಲ್ಲಿ ಶೇಖರಪ್ಪನವರೂ ಟವೆಲ್ಲು ಹೊದ್ದು ಬಂದು, "ಏನು ಬೀಗ್ರೇ, ಮೆಕ್ಯಾನಿಕ್ ಸೈನ್ಯನೇ ತಂದ್ಬಿಟ್ರಿ" ಅಂತ ಜಗಲಿಯಲ್ಲಿ ಕೂತಿದ್ದರು. ಸಾಬರು ಬಾನೆಟ್ಟು ಎತ್ತಿ, ಫಿಲ್ಟರಿಗೆ ಬರುವ ಕಪ್ಪು ರಬ್ಬರ್ ಪೈಪು ಬಿಚ್ಚಿ, ಅದರ ಜಾಗಕ್ಕೆ ಕೈಯಷ್ಟುದ್ದದ ಬಿಳೀ ಪೈಪು ಹಾಕಿದರು. ಒಳಗೆ ಏನು ಹೋಗುತ್ತದೆ ಅಂತ ಕಾಣುವ ಪೈಪು. "ನೋಡಿ, ಈ ರಬ್ಬರ್ ಬಿಚ್ಚಿದಾಗ ಡೀಸೆಲ್ ಸುರೀಬೇಕಿತ್ತು. ಒಂದು ಹನಿನೂ ಇಲ್ಲ." ಬಿಚ್ಚಿದ ರಬ್ಬರನ್ನು ಮಡಿಸಿ ತೋರಿಸಿದರು. ಕೂದಲೆಳೆಯಂಥ ಸೀಳು. "ಇದ್ರಲ್ಲಿ ಗಾಳಿ ಎಳ್ಕೊಂಡದೆ. ಮುಖ ಮೇಲೆ, ಟ್ಯಾಂಕು ಹಿಂದೆ ಕೆಳಗೆ. ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಹೋಗ್ತದೆ. ಬೆಳಗ್ಗೆ ಇಂಜಿನ್ನು ಬರೀ ಗಾಳಿ ಕುಡೀತದೆ. ದೇವ್ರೇ ಬಂದು ಕೀ ತಿರುಗಿಸಿದ್ರೂ ಅಷ್ಟೇ." ಆಮೇಲೆ ನಿರ್ಮಲಳ ಕಡೆ ತಿರುಗಿ, "ಅಮ್ಮಾ, ನಾನು ಮೊನ್ನೆ ನಿಮ್ ಅಣ್ಣನ ಹತ್ರ ಬೇರೆ ಮಾತಾಡಿದ್ದೆ. ಅದು ತಪ್ಪು. ನೀವು ಏನೂ ಮಾಡಿಲ್ಲ" ಅಂದರು.

ನಾನು ಶೇಖರಪ್ಪನವರ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. ಬಸಮ್ಮನವರು "ಮುಖ ಮೇಲೆ ಅಂದ್ರೆ, ಮೂಡಲಿಗೆ ನಿಲ್ಸಿದ್ದಕ್ಕಾ?" ಅಂತ ಕೇಳಿದರು. ಮುದುಕಿ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ನಾನು ಮಾತು ಕೊಟ್ಟದ್ದು ಅಲ್ಲಿಗೆ ಮುಗಿದಿತ್ತು. ಅಲ್ಲಿಗೇ ಬಾನೆಟ್ಟು ಮುಚ್ಚಿದ್ದರೆ ಚೆನ್ನಾಗಿತ್ತು.

ಸಾಬರು ಫಿಲ್ಟರಿನ ತಲೆಯ ಮೇಲಿನ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. "ಇದು ಹ್ಯಾಂಡ್ ಪಂಪು. ಒತ್ತಿದ್ರೆ ಗಾಳಿ ಹೋಗಿ ಡೀಸೆಲ್ ಬತ್ತದೆ." ಬಿಳೀ ಪೈಪಿನಲ್ಲಿ ಗುಳ್ಳೆ ಓಡಿದವು, ಹಿಂದೆಯೇ ಡೀಸೆಲ್ ಬಂತು. ನನಗೆ ಕೀ ತಿರುಗಿಸಲು ಹೇಳಿದರು. ಒಂದೇ ಏಟಿಗೆ ಸ್ಟಾರ್ಟಾಯಿತು. "ತಮಾಷೆ ನೋಡಿ, ಗಾಡಿ ತುಂಬ ಧೂಳು, ಈ ಗುಂಡಿ ಮಾತ್ರ ಉಜ್ಜಿ ಉಜ್ಜಿ ನುಣ್ಣಗಾಗ್ಯದೆ. ಯಾರೋ ದಿನಾ ಒತ್ತಿದ್ದಾರೆ. ಯಜಮಾನ್ರಿಗೆ ಗೊತ್ತಿತ್ತು ಇದು. ಪೈಪು ಬದಲಾಯಿಸೋ ಬದ್ಲು ಒತ್ಕೊಂಡು ಓಡ್ಸಿದ್ದಾರೆ."

"ದಿನಾ ಬೆಳಗ್ಗೆ ಬಾನೆಟ್ ಎತ್ತೋರು" ಅಂದಳು ನಿರ್ಮಲ. "ಆಯಿಲ್ ನೋಡ್ತಾರೆ ಅಂದ್ಕೊಂಡಿದ್ದೆ." ಹತ್ತಿರ ಬಂದಳು. "ಇನ್ನೊಂದ್ಸಲ ಒತ್ತಿ."

ಸಾಬರು ಒತ್ತಿದರು.

ಅವಳು ತನ್ನ ಎಡಗೈ ಎತ್ತಿ ಹೆಬ್ಬೆರಳನ್ನು ಹಾಗೇ ಗಾಳಿಯಲ್ಲಿ ಒತ್ತಿದಳು. ಬಿಟ್ಟು, ಮತ್ತೆ ಒತ್ತಿದಳು. "ಅಣ್ಣ, ಅವತ್ತು ಅವ್ರು ಮಂಚದ ಮೇಲೆ ಹಿಂಗೇ ಮಾಡ್ತಿದ್ರು. ಮಾತು ಬರ್ತಿರ್ಲಿಲ್ಲ. ಎಡಗೈ ಒಂದೇ ಆಡ್ತಿತ್ತು. ನಾನು ಗಾಡಿ ಹತ್ರದಿಂದ ಒಳಗೆ ಹೋದಾಗೆಲ್ಲ ಇದೇ. ಹಿಂಗೆ, ಹಿಂಗೆ." ಕೈ ಕೆಳಗಿಳಿಸಿದಳು. "ಕಾಲು ಒತ್ತು ಅಂತಿದ್ದಾರೆ ಅಂದ್ಕೊಂಡೆ. ಬ್ಯಾಟ್ರಿ ಹೋದ್ಮೇಲೆ ಆಟೋ ಬರೋ ತಂಕ ಕೂತು ಕಾಲು ಒತ್ತಿದೆ. ಬೇಡ ಅಂತ ತಲೆ ಅಲ್ಲಾಡ್ಸಿದ್ರು. ನಾನು ಇನ್ನೂ ಜೋರಾಗಿ ಒತ್ತಿದೆ."

ಇಂಜಿನ್ನು ಓಡುತ್ತಲೇ ಇತ್ತು. ಸಾಬರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಶೇಖರಪ್ಪನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಹೋದರು. ನಾನೇ ಒಳಗೆ ಕೈ ಹಾಕಿ ಇಂಜಿನ್ನು ಆಫ್ ಮಾಡಿದೆ.

ಸಾಬರು ಹೊಸ ರಬ್ಬರ್ ಪೈಪು ಹಾಕಿ, ಕ್ಲಿಪ್ಪು ಬಿಗಿದು, ಇನ್ನು ಯಾವ ಕಡೆ ಮುಖ ಮಾಡಿ ನಿಲ್ಲಿಸಿದರೂ ತೊಂದರೆಯಿಲ್ಲ ಅಂತ ಮೆಲ್ಲಗೆ ಹೇಳಿ ಹೊರಟರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ನಾನು ಬಿಡಲಿಲ್ಲ, ಜೇಬಿಗೆ ತುರುಕಿದೆ. ಅವರು ತಪ್ಪೇನೂ ಮಾಡಿರಲಿಲ್ಲ, ಕರೆಸಿದವನು ನಾನು.

ಸಾಯಂಕಾಲದ ಬಸ್ಸಿಗೆ ಹೊರಟಾಗ ನಿರ್ಮಲ ಗೇಟಿನವರೆಗೆ ಬಂದಳು. ಏನಾದರೂ ಹೇಳಬೇಕಲ್ಲ ಅಂತ, "ನಿಂದೇನೂ ತಪ್ಪಿಲ್ಲ ಅಂತ ಎಲ್ರಿಗೂ ಗೊತ್ತಾಯ್ತಲ್ಲಮ್ಮ" ಅಂದೆ.

"ಕೀ ತಿರುಗ್ಸೋಕೆ ಬರಲ್ಲ ಅಂತಿದ್ರು. ಅಂದ್ಕೊಳ್ಳಿ ಅಂತ ಇದ್ಬಿಡ್ತಿದ್ದೆ ಅಣ್ಣ" ಅಂದಳು. "ಅಷ್ಟೇ ಆಗಿದ್ರೆ ತಡ್ಕೋತಿದ್ದೆ."

ಗೇಟು ಎಳೆದುಕೊಂಡಳು. ನಾನು ನಡೆದೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಂಗಳದಲ್ಲಿ ಕಾರು ಮಾತ್ರ ಕಾಣುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಬೀರೂರಿನಲ್ಲಿ ಅರ್ಧ ಗಂಟೆ ನಿಂತು, ಕಡೂರಿಗೆ ಬರುವಾಗ ದೀಪ ಹಚ್ಚಿದ್ದರು. ಮನೆಯವಳು ಏನಾಯಿತು ಅಂತ ಕೇಳಿದಳು. "ಪೈಪು ಸೀಳಿತ್ತು" ಅಂದೆ. ಉಳಿದದ್ದನ್ನು ಈಗ ಬರೆದಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷೀನು, ಒಂದು ಕಟಿಂಗ್ ಮಷೀನು, ಒಂದು ಬೈಕು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಜ್ಜಂಪುರದಲ್ಲಿ ಒಬ್ಬಳು ತಂಗಿ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ.